ಯಾವ ಬಾಜೂ?

ಪ್ರಣಾಲಿಯ ಪಪ್ಪಾ ಅವರಿಗೆ,

ನೀವು ಹೋದ ಮೇಲೆ ಇವತ್ತೇ ಕಾರು ಹೊರಗೆ ತೆಗೆದದ್ದು. ನಡೆಸಿದವಳು ಮಗಳು. ಮಿರಜ ರಸ್ತೆಯ ಪೆಟ್ರೋಲ್ ಪಂಪಿಗೆ ತಿರುಗುವಾಗ ರೂಢಿಯಂತೆ, "ಎಡಬಾಜೂ ಐತಿ" ಎಂದೆ.

"ಗೊತ್ತೈತಿ ಆಯೀ. ಪೆಟ್ರೋಲ್ ಮುಳ್ಳಿನ ಹತ್ರ ಬಾಣ ಐತಲ್ಲ, ಮುಚ್ಚಳ ಯಾವ ಕಡೆ ಅಂತ ಅದ ತೋರಸ್ತೈತಿ. ಪಪ್ಪಾನ ಹೇಳಿಕೊಟ್ಟಿದ್ರು."

ನಮ್ಮ ಹಳೆಯ ಫಿಯಾಟಿನಲ್ಲಿ ಇಂಥ ಬಾಣವಿರಲಿಲ್ಲ. ಪಂಪು ಬಂದಾಗಲೆಲ್ಲ ನೀವು, "ಯಾವ ಬಾಜೂರಿ ಬಾಯಾರ?" ಎನ್ನುತ್ತಿದ್ದಿರಿ. "ಕಾರಖಾನೆ ನಡಸ್ತೀರಿ, ಸ್ವಂತ ಗಾಡಿ ಮುಚ್ಚಳ ಗೊತ್ತಿಲ್ಲೇನ್ರಿ?" ಎಂದು ನಾನು ಕೆಣಕುತ್ತಿದ್ದೆ. ಮಾತು ಬಿಟ್ಟ ದಿನಗಳಲ್ಲಿ ನಿಮ್ಮ ಮೊದಲ ಮಾತು ಅದೇ. ನಾನು ಉತ್ತರ ಕೊಟ್ಟರೆ ಜಗಳ ಮುಗಿದಂತೆ. ಫಿಯಾಟು ಕುಪವಾಡದ ಗುಜರಿ ಸೇರಿ ಈ ಕಾರು ಬಂದ ಮೇಲೂ ನೀವು ಕೇಳುತ್ತಲೇ ಇದ್ದಿರಿ. ಮರೆವು ಎಂದುಕೊಂಡಿದ್ದೆ.

ಮನೆಗೆ ಬಂದವಳೇ, ಚಹಾ ಕೂಡ ಮಾಡಿಕೊಳ್ಳದೆ ಇದನ್ನು ಬರೆಯಲು ಕೂತಿದ್ದೇನೆ.

ನಾವಿಬ್ಬರೂ ಕೊನೆಯ ಸಲ ಮಾಲಗಾಂವದಿಂದ ಬರುವಾಗಲೂ ಕೇಳಿದಿರಿ. ಅವತ್ತೂ ಮಾತು ಬಿಟ್ಟಿದ್ದ ನಾನು ಕಿಟಕಿಯಾಚೆ ದ್ರಾಕ್ಷಿ ತೋಟ ನೋಡುತ್ತಿದ್ದೆ. ಮತ್ತೊಮ್ಮೆ ಕೇಳಿದಿರಿ. ಸ್ವಲ್ಪ ಹೊತ್ತು ಕಾದಿರಿ. ಆಮೇಲೆ ಪಂಪಿನಲ್ಲಿ ಕಾರನ್ನು ಸರಿಯಾದ ಬದಿಗೇ ನಿಲ್ಲಿಸಿದಿರಿ.