ಯಾರೋ ಗಿರಾಕಿದು

ಪ್ರೀತಿಯ ಅಮ್ಮನಿಗೆ,

ಪಾರ್ಸೆಲ್ ತಲುಪಿತು. ಆಪರೇಷನ್ ಆದ ಮರುದಿನವೇ ಮನೆಗೆ ಬಂದೆ, ಗಾಬರಿಯಾಗಬೇಡ. ಮೊದಲೆಲ್ಲ ಇಡೀ ಎದೆಯನ್ನೇ ತೆಗೆದುಬಿಡುತ್ತಿದ್ದರಂತೆ. ನನಗೆ ಗಂಟನ್ನಷ್ಟೇ ತೆಗೆದಿದ್ದಾರೆ. ಇನ್ನು ಮೂರು ವಾರ ರೇಡಿಯೇಷನ್, ಆಮೇಲೆ ದಿನಕ್ಕೊಂದು ಮಾತ್ರೆ.

ಹಾಗಾಗಿ, ಒಳಉಡುಪಿನಲ್ಲಿ ಇಟ್ಟುಕೊಳ್ಳಲೆಂದು ನೀನು ಹೊಲಿದು ಕಳಿಸಿದ ಹತ್ತಿಯ ಮೆತ್ತೆ ಬೇಕಾಗಲಿಲ್ಲ. ಕಂಕುಳಡಿ ಇಟ್ಟುಕೊಂಡು ಮಲಗುತ್ತೇನೆ, ಹಾಯೆನಿಸುತ್ತದೆ.

ನನ್ನದು ಬಲಗಡೆ ಅಂತ ಫೋನಿನಲ್ಲಿ ಎರಡು ಸಲ ಹೇಳಿದ್ದೆ. ನೀನು ಎಡಗಡೆಯದನ್ನು ಹೊಲಿದಿದ್ದೀಯ. ಕೈಗೆ ಅದೇ ರೂಢಿ. ಚಿಕ್ಕವಳಿದ್ದಾಗ ನಿನ್ನ ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ ಇಂಥವೇ ಇರುತ್ತಿದ್ದವು, ಎಲ್ಲವೂ ಎಡಗಡೆಯವೇ. ಯಾರದಮ್ಮಾ ಎಂದರೆ, "ಯಾರೋ ಗಿರಾಕಿದು ಕಣೇ, ಮುಟ್ಬೇಡ" ಅಂತಿದ್ದೆ. ಮೂವತ್ತು ವರ್ಷ ಒಬ್ಬಳೇ ಗಿರಾಕಿ! ನಾನೊಬ್ಬಳು ಪೆದ್ದಿ, ನಂಬಿಬಿಟ್ಟೆ.

"ಮನೇಲಿ ಬೇರೆ ಯಾರಿಗಾದ್ರೂ ಈ ಕಾಯಿಲೆ ಬಂದಿತ್ತಾ?" ಎಂದು ಡಾಕ್ಟರು ಕೇಳಿದಾಗ ಇಲ್ಲ ಎಂದಿದ್ದೆ. ಸೋಮವಾರ ಹೋಗಿ ಆ ಉತ್ತರವನ್ನು ತಿದ್ದಬೇಕು. ನೀನೂ ಬಾ, ಹಳೆಯ ಆಸ್ಪತ್ರೆ ಚೀಟಿಗಳಿದ್ದರೆ ತಾ. ಬರುವಾಗ ಆ ಗಿರಾಕಿಯನ್ನೂ ಕರೆದುಕೊಂಡು ಬಾ. ಅವಳು ಒಬ್ಬಳೇ ಇದ್ದದ್ದು ಸಾಕು.

ನಿನ್ನ ಕಿರಿ ಮಗಳು