ಅಂಧೇರಿ ಸ್ಟೇಷನ್ನಿನ ಬೆಂಚು

೨೨ ನವೆಂಬರ್, ಶನಿವಾರ

ಮಗಳ ಕಾಲೇಜ್ ಅಡ್ಮಿಷನ್ನಿನ ಸಲುವಾಗಿ ಕಂಡ ಬಾಂದ್ರಾದ ಕೌನ್ಸೆಲರ್ ಹೇಳಿದ್ದು ಇನ್ನೂ ತಲ್ಯಾಗ ಕುಂತೈತಿ. ಮಾರ್ಕ್ಸ್ ಎಲ್ಲಾರಿಗೂ ಇರ್ತಾವಂತ, ಬ್ಯಾರೆಯವರ ಕಡೆ ಇಲ್ಲದ್ದನ್ನ ಪರದೇಶದ ಕಾಲೇಜಿನ ಫಾರ್ಮಿನ್ಯಾಗ ಬರೀಬೇಕಂತ. ಮಗಳು ಸೃಷ್ಟಿ ವಾಪಸ್ ಬರೋವಾಗ ಬಸ್ಸಿನ್ಯಾಗ ಕುಂತೇ ಬರದಳು: ನನ್ನ ಅಜ್ಜಿ ಸಯನ್ ಚಾಳಿನ್ಯಾಗ ಜೋಳದ ರೊಟ್ಟಿ ಬಡದು ಮಾರಿ ಮಮ್ಮಿನ್ನ ಓದಿಸಿದಳು.

"ಮಮ್ಮಿ, ಯೇ ಬೆಸ್ಟ್ ಹೈ. ಇಂಥಾದ್ದು ಯಾರ ಹತ್ರಾನೂ ಇಲ್ಲ!"

ಅವ್ವ ರೊಟ್ಟಿ ಬಡಿಯೋ ಸಪ್ಪಳಕ್ಕ ಇಡೀ ಚಾಳಿಗೆ ಎಚ್ಚರಾಗ್ತಿತ್ತು. ನನ್ನ ಕಾಲೇಜ್ ಅಡ್ಮಿಷನ್ನಿನ ದಿನಾನೂ ನಸುಕಿನ್ಯಾಗ ಬಡದಿಟ್ಟು, ನಮ್ಮಿಬ್ಬರಿಗೂ ರೊಟ್ಟಿ ಗಂಟು ಕಟ್ಟಿಕೊಂಡು, ಇಳಕಲ್ ಸೀರಿ ಉಟ್ಟು ನನ್ನ ಜೋಡಿ ಲೋಕಲ್ ಟ್ರೇನ್ ಹತ್ತಿದ್ದಳು. ಸೆರಗಿಗೆ ಹಿಟ್ಟು ಹತ್ತಿತ್ತು. ಕಾಲೇಜಿನವರು ನೋಡಿದರ ಅಂತ ಅಂಜಿ, ಆಕಿನ್ನ ಅಂಧೇರಿ ಸ್ಟೇಷನ್ನಿನ ಬೆಂಚಿನ ಮ್ಯಾಲೆ ಕೂಡಿಸಿ ಒಬ್ಬಾಕಿನೇ ಹೋದೆ. ಸಂಜಿಮುಂದ ಬಂದರ ಅಲ್ಲೇ ಕುಂತಿದ್ದಳು. ರೊಟ್ಟಿಗಂಟು ಸೈತ ಬಿಚ್ಚಿರಲಿಲ್ಲ.

"ಸೀಟು ಸಿಕ್ತೇನವಾ?" ಅಂದಳು.

ಸೃಷ್ಟಿಗೆ ಬೆಂಚಿನ ಸುದ್ದಿ ಹೇಳಿಲ್ಲ. ಹೇಳಿದರ ಅದನ್ನೂ ಬರದಾಳು. ಇಡೀ ಫಾರ್ಮಿನ್ಯಾಗ ಅದ ಎಲ್ಲಾಕ್ಕಿಂತ ಛಲೋ ಸಾಲು ಆಗತೈತಿ.