ಮೂರನೇ ತೊಟ್ಟಿಯ ನೀರು

ಮನೆ, ಅಡುಗೆಮನೆಯ ಮೇಜು
ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಮೊಣಕಾಲು ಹೇಗಿದೆ? ಡಾಕ್ಟರು ಮೆಟ್ಟಿಲು ಹತ್ತಬೇಡಿ ಎಂದಿದ್ದರೂ ನೀರಿನ ಟ್ಯಾಂಕು ತುಂಬಿತೇ ಎಂದು ನೋಡಲು ನೀನು ದಿನಕ್ಕೆ ಹತ್ತು ಸಲ ಮಹಡಿಗೆ ಹೋಗುತ್ತೀಯಂತೆ. ಅತ್ತೆ ಫೋನಿನಲ್ಲಿ ಚಾಡಿ ಹೇಳಿದಳು. ತಂಗಿಯ ಮನೆಯಲ್ಲೂ ಪಂಪಿನವನ ಕೆಲಸ ಬಿಡಲಿಲ್ಲವಲ್ಲ ನೀನು! ಅಮ್ಮ ಗಟ್ಟಿಮುಟ್ಟಾಗಿದ್ದಾಳೆ, ನನ್ನನ್ನು ಬೈಯುವಷ್ಟು ಉಸಿರಿದೆ. ಫೋನಿನಲ್ಲಿ ನಾನು ಅಣುಸ್ಥಾವರದ ಮಾತೆತ್ತಿದರೆ ಸಾಕು, ನೀನು ಫೋನನ್ನು ಅತ್ತೆಯ ಕೈಗೆ ದಾಟಿಸಿಬಿಡುತ್ತೀಯ. ಅದಕ್ಕೇ ಈ ಕಾಗದ. ಇದನ್ನು ಪೂರ್ತಿ ಓದದೆ ಮಡಚಿಟ್ಟರೆ ನನ್ನಾಣೆ.

ನೀನು ಊರು ಬಿಟ್ಟು ನಾಲ್ಕು ವರ್ಷವಾಯಿತು. ನಿನ್ನ ಪಾಳಿಯಲ್ಲಿ ನೀನು ಹೊರಗಿನ ಕಾಲುವೆಯಿಂದ ತೆಗೆದ ಏಳು ಮಾದರಿಗಳಲ್ಲಿ ಮಾತ್ರ ಟ್ರಿಟಿಯಂ ಕಂಡಿತು, ಹಾಗಾಗಿ ಕೊಳೆನೀರಿನ ತೊಟ್ಟಿಯ ವಾಲ್ವು ಸರಿಯಾಗಿ ಮುಚ್ಚದೆ ಹೋದವನು ನೀನೇ ಎಂದು ವಿಚಾರಣೆಯವರು ಬರೆದರು. ನೀನೂ 'ಮರೆತಿರಬಹುದು' ಎಂದು ಸಹಿ ಹಾಕಿ ಹೊರಟುಬಿಟ್ಟೆ. ಅಮ್ಮ ಮಾತ್ರ ಜಗ್ಗಲಿಲ್ಲ. "ಮದುವೆಯಾದ ದಿನ ಮರೀತಾರೆ, ನನ್ನ ಹೆಸರು ಬೇಕಾದ್ರೂ ಮರೀತಾರೆ, ವಾಲ್ವ್ ಮರೆಯೋ ಗಂಡಸಲ್ಲ ಅದು" ಎಂದು ಇವತ್ತಿಗೂ ಹೇಳುತ್ತಾಳೆ. ನಿನ್ನನ್ನು ನೋಡಲು ಎರಡು ತಿಂಗಳಿಗೊಮ್ಮೆ ಬಸ್ಸು ಹತ್ತುತ್ತಾಳೆಯೇ ಹೊರತು, ಮನೆ ಖಾಲಿ ಮಾಡುವ ಮಾತಿಗೆ ಕಿವಿಗೊಟ್ಟವಳಲ್ಲ.

ನಾನು ಆ ತೊಟ್ಟಿಗಳ ನೀರನ್ನು ಶುದ್ಧ ಮಾಡುವ ಕೆಲಸಕ್ಕೇ ಸೇರಿದಾಗ ನೀನು ಮುನಿಸಿಕೊಂಡೆ. ಇರಲಿ, ಮುನಿಸಿಕೊಂಡೇ ಕೇಳು. ಉಳಿದ ಕೊಳೆಯನ್ನೆಲ್ಲ ಸೋಸಿ ತೆಗೆಯಬಹುದು, ಈ ಟ್ರಿಟಿಯಂ ಮಾತ್ರ ಮಹಾ ಹಟಮಾರಿ. ಅದೂ ಹೈಡ್ರೋಜನ್ನೇ, ಸ್ವಲ್ಪ ಭಾರ, ಸ್ವಲ್ಪ ವಿಕಿರಣ. ನೀರಿನಲ್ಲಿ ನೀರೇ ಆಗಿ ಕೂತಿರುತ್ತದೆ. ಜರಡಿಗೆ ಸಿಗದು, ಕುದಿಸಿದರೆ ಆವಿಯ ಜೊತೆಗೇ ಹೊರಡುತ್ತದೆ. ಅದಕ್ಕೆ ನಾವು ನೀರನ್ನು ವಿದ್ಯುತ್ತಿನಿಂದ ಒಡೆದು, ಬಂದ ಅನಿಲವನ್ನು ನಾಲ್ಕು ಮಹಡಿ ಎತ್ತರದ ಕಂಬದೊಳಗೆ ಮೇಲಕ್ಕೆ ಬಿಡುತ್ತೇವೆ. ಮೇಲಿನಿಂದ ನೀರು ಹನಿಹನಿಯಾಗಿ ಇಳಿಯುತ್ತದೆ. ದಾರಿಯಲ್ಲಿ ಟ್ರಿಟಿಯಂ ಅನಿಲವನ್ನು ಬಿಟ್ಟು ನೀರಿಗೆ ಅಂಟಿಕೊಂಡು ಕೆಳಗೆ ಬರುತ್ತದೆ. ತುದಿ ತಲುಪಿದ ಅನಿಲದಿಂದ ಮತ್ತೆ ನೀರು ಮಾಡಿದರೆ ಅದು ಶುದ್ಧ. ಒಂದೇ ಸಲಕ್ಕೆ ಆಗುವುದಿಲ್ಲ, ಸುತ್ತಿನ ಮೇಲೆ ಸುತ್ತು, ತಿಂಗಳುಗಟ್ಟಲೆ.

ಎರಡು ತೊಟ್ಟಿ ಮುಗಿಸಿದ್ದರು, ಅದು ನಾನು ಬರುವ ಮೊದಲು. ಮೂರನೆಯದು ನನ್ನ ಪಾಲಿಗೆ ಬಂತು, ನೋಡು, ಹೊರಬಿಡಬಹುದಾದ ಮಿತಿಯ ಹತ್ತಿರ ಬಂದು ಟ್ರಿಟಿಯಂನ ಅಂಕಿ ನಿಂತೇಬಿಟ್ಟಿತು. ಐದು ವಾರ ಕದಲಲಿಲ್ಲ. ಈ ತಿಂಗಳೊಳಗೆ ಇಳಿಯದಿದ್ದರೆ ಘಟಕಕ್ಕೆ ಬೀಗ ಎಂದು ತಪಾಸಣಾಧಿಕಾರಿ ಬರೆದು ಕೊಟ್ಟರು. ಕಂಬದೊಳಗೆ ತುಂಬಿದ, ಟ್ರಿಟಿಯಂ ಅನ್ನು ನೀರಿಗೆ ದಾಟಿಸುವ ವಸ್ತು ಸತ್ತಿದೆ ಎಂದು ಎಲ್ಲರೂ ಕೈಚೆಲ್ಲಿದರು. ನಾನು ಬಿಡಲಿಲ್ಲ. ಟಾರ್ಚು ಹಿಡಿದು ಕಂಬದ ಒಂದೊಂದು ಬಾಗಿಲನ್ನೂ ಬಿಚ್ಚಿ ನೋಡಿದೆ, ಒಂಬತ್ತು ದಿನ. ಎಲ್ಲ ಸರಿಯಾಗಿಯೇ ಇತ್ತು. ಹನ್ನೊಂದನೇ ದಿನ ಅಂಕಿ ತಾನಾಗಿಯೇ ಅರ್ಧಕ್ಕಿಳಿಯಿತು! ಉಳಿದವರು ಕುಣಿದರು, ನಾನು ರಿಜಿಸ್ಟರು ತೆರೆದು ಕೂತೆ. ಏನೂ ಮಾಡದೆ ಇಳಿಯಿತೆಂದರೆ ಏನರ್ಥ? ಹಿಂದಿನ ದಿನ ಬೇರೆಯಾಗಿದ್ದು ಒಂದೇ. ನನ್ನ ಗಡಿಯಾರದ ಪಟ್ಟಿ ಹರಿದು, ರಿಪೇರಿಗೆ ಕೊಟ್ಟಿದ್ದೆ.

ಹೊರಡುವ ದಿನ ನೀನು ನನ್ನ ಕೈಗೆ ಕಟ್ಟಿದೆಯಲ್ಲ, ಕತ್ತಲಲ್ಲಿ ಹಸಿರಾಗಿ ಹೊಳೆಯುವ ನಿನ್ನ ಹಳೆಯ ಪ್ಲಾಸ್ಟಿಕ್ ಗಡಿಯಾರ, ಅದೇ. ಅದರ ಮುಳ್ಳು ಹೊಳೆಯುವುದೇ ಟ್ರಿಟಿಯಂನಿಂದ. ಕೈಗೆ ಅಪಾಯವಿಲ್ಲದಷ್ಟು ಸ್ವಲ್ಪ, ಆದರೆ ಸದಾ ಜಿನುಗುತ್ತದೆ. ನಾನು ಕೈಗವಸು ಹಾಕುವ ಮೊದಲು ಅದನ್ನು ಬಿಚ್ಚಿ ಮಾದರಿ ಬಾಟಲಿಗಳ ಕಪಾಟಿನೊಳಗೆ ಇಡುತ್ತಿದ್ದೆ. ಆ ಬಾಟಲಿಗಳ ಮುಚ್ಚಳ ಸಡಿಲವಾಗಿರುತ್ತದೆ, ಜಿನುಗಿದ್ದು ಮಾದರಿಯ ನೀರಿಗೇ ಸೇರುತ್ತಿತ್ತು. ಟ್ರಿಟಿಯಂ ತೆಗೆಯಲು ನಾಲ್ಕು ಮಹಡಿ ಕಂಬ ಕಟ್ಟಿಕೊಂಡವರು ಟ್ರಿಟಿಯಂ ಅನ್ನು ಕಪಾಟಿನಲ್ಲಿ ಸಾಕಿದ್ದೆವು! ಆಮೇಲೆ ತಪ್ಪನ್ನು ಒಪ್ಪಿ, ಪ್ರತಿ ಮಾದರಿಯ ಜೊತೆಗೂ ಸೀಲು ಮಾಡಿಡುವ ಜೋಡಿ ಬಾಟಲಿಗಳನ್ನು ಅಳೆದು, ಆ ಐದು ವಾರದ ಹನ್ನೊಂದು ಅಂಕಿಗಳನ್ನೂ ರಿಜಿಸ್ಟರಿನಲ್ಲಿ ತಿದ್ದಿದೆ. ನಮ್ಮ ಪದ್ಧತಿ ನಿನಗೆ ಗೊತ್ತಲ್ಲ: ಅಳಿಸುವಂತಿಲ್ಲ, ಬರೆದ ಕೈಯೇ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು. ಮೂರನೇ ತೊಟ್ಟಿ ಮಿತಿಯೊಳಗೆ ಬಂದಿದೆ. ಘಟಕ ನಡೆಯುತ್ತದೆ, ನಾಳೆಯಿಂದ ನಾಲ್ಕನೆಯದು.

ಅತ್ತೆಗೆ ನನ್ನ ನಮಸ್ಕಾರ ಹೇಳು. ಮೊಣಕಾಲಿಗೆ ಎಣ್ಣೆ ಹಚ್ಚಿಸಿಕೋ, ನನ್ನ ತಲೆಯ ಮೇಲೆ ಕೈಯಿಟ್ಟು ಹರಸು.

ನಿನ್ನ ಮಗಳು, ನೀನು ಕರೆಯುವ ಹಾಗೆ,
ಇರುವೆ

ತಾ.ಕ.: ಅಪ್ಪಾ, ಗಡಿಯಾರವನ್ನು ಕಪಾಟಿನಲ್ಲಿಡುವ ಅಭ್ಯಾಸ ನನಗೆ ಬಂದಿದ್ದು ಯಾರಿಂದ? ಪ್ರತಿ ಪಾಳಿಗೂ ಬೇರೆ ಕಪಾಟು, ನನ್ನದು ನಿನ್ನ ಹಳೆಯ ಕಪಾಟೇ. ಅದು ಹೊಳೆದ ಕೂಡಲೇ ಉಗ್ರಾಣಕ್ಕೆ ಓಡಿದೆ. ನಿನ್ನ ಕಾಲುವೆ ಮಾದರಿಗಳ ಜೋಡಿ ಬಾಟಲಿಗಳು ಅಂದೇ ಸೀಲಾಗಿ ಉಗ್ರಾಣದಲ್ಲಿದ್ದವು. ನೀನೇ ಒಪ್ಪಿಕೊಂಡೆ ಎಂದು ಯಾರೂ ಅವನ್ನು ತೆರೆದಿರಲಿಲ್ಲ. ಶುಕ್ರವಾರ ತಪಾಸಣಾಧಿಕಾರಿಯ ಎದುರೇ ಏಳನ್ನೂ ತೆರೆಸಿ ಅಳೆಸಿದೆ. ಏಳೂ ಶುದ್ಧ. ಕಾಲುವೆಗೆ ಏನೂ ಸೋರಿರಲಿಲ್ಲ. ನೀನು ವಾಲ್ವು ಮುಚ್ಚಿದ್ದೆ. ಆ ಏಳು ಅಂಕಿ ನಿನ್ನ ಕೈಬರಹದಲ್ಲಿವೆ, ಅವುಗಳ ಮೇಲೆ ನಾನು ಗೆರೆ ಎಳೆಯುವಂತಿಲ್ಲ. ಗುರುವಾರ ಹತ್ತು ಗಂಟೆಗೆ ರಿಜಿಸ್ಟರು ತೆರೆದಿಡುತ್ತಾರೆ. ಬುಧವಾರದ ಬಸ್ಸಿಗೆ ಬಾ, ಅಮ್ಮ ಈಗಲೇ ನಿನ್ನ ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದಾಳೆ.